ಕಸಿ ಸಂಪಿಗೆ ಗಿಡ: ಮೂರು ವರ್ಷ ಸಾಕಿದ ಮೇಲೆ ಬರೆಯುತ್ತಿದ್ದೇನೆ

ಗಿಡ ತಂದ ವಾರಕ್ಕೇ ಬರೆದ ರಿವ್ಯೂಗಳನ್ನು ಬೇಕಾದಷ್ಟು ಓದಿದ್ದೇನೆ. ಪ್ಯಾಕಿಂಗ್ ಚೆನ್ನಾಗಿದೆ, ಎಲೆ ಹಸಿರಾಗಿದೆ, ಐದಕ್ಕೆ ಐದು ಸ್ಟಾರ್. ಹೂವಿನ ಮರ ತಗೊಳ್ಳುವವರಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಅವರಿಗೆ ಬೇಕಾದ ಮಾತು ಒಂದೇ, ಹೂವು ಬಿಟ್ಟಿತಾ ಇಲ್ಲವಾ? ಅದು ವಾರದಲ್ಲಿ ತಿಳಿಯುವ ವಿಷಯ ಅಲ್ಲ. ಹಾಗಾಗಿ ಮೂರು ವರ್ಷ ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆ. ಗಿಡ ಕಸಿ ಕೆಂಡಸಂಪಿಗೆ. ತಂದದ್ದು 2022ರ ಆಗಸ್ಟಿನಲ್ಲಿ, ಕೊಟ್ಟ ದುಡ್ಡು 380 ರೂಪಾಯಿ, ನೆಟ್ಟ ಜಾಗ ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಮುಂದಿನ ಬಲಗಡೆ ಮೂಲೆ. ಹೂವು ಬಿಟ್ಟಿದೆ. ಚೆನ್ನಾಗಿ ಬಿಟ್ಟಿದೆ.

ಆದರೆ ಈ ಗಿಡದ ಬಗ್ಗೆ ಹೇಳಬೇಕಾದರೆ ಇದಕ್ಕಿಂತ ಮುಂಚೆ ತಂದ ಇನ್ನೊಂದು ಸಂಪಿಗೆ ಬಗ್ಗೆ ಹೇಳಲೇಬೇಕು. ಅದರಿಂದ ಕಲಿತದ್ದೇ ಜಾಸ್ತಿ.

ನಮ್ಮ ಅತ್ತೆಯ ತವರುಮನೆ ಬೆಂಗಳೂರಿನ ಮಲ್ಲೇಶ್ವರ, ಸಂಪಿಗೆ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ. ಆ ರಸ್ತೆಗೆ ಹೆಸರು ಬಂದದ್ದೇ ಸಂಪಿಗೆ ಮರಗಳಿಂದ. ಸ್ಕೂಲಿಗೆ ಹೊರಡುವ ಮೊದಲು ಓಡಿಹೋಗಿ ರಾತ್ರಿ ಉದುರಿದ ಹೂವು ಆರಿಸಿಕೊಂಡು ಲಂಗದ ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದರಂತೆ. 2012ರಲ್ಲಿ ನಾವು ಈ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ಅವರು ಕೇಳಿದ್ದು ಒಂದೇ. "ನನಗೆ ಬೇರೇನೂ ಬೇಡ ಕಣಮ್ಮಾ, ಗೇಟ್ ಪಕ್ಕ ಒಂದು ಸಂಪಿಗೆ ಹಾಕ್ಸು." ರಿಂಗ್ ರೋಡ್ ಕಡೆಯ ಒಂದು ನರ್ಸರಿಗೆ ಹೋಗಿ ಕೇಳಿದೆವು. ಕಸಿ ಗಿಡ ಮೇಡಂ, ಮೂರನೇ ವರ್ಷಕ್ಕೆ ಹೂವು ಗ್ಯಾರಂಟಿ ಅಂದರು. ತಂದು ನೆಟ್ಟೆವು. ಗಿಡ ಬೆಳೆದ ರೀತಿ ನೋಡಿದರೆ ಕಣ್ಣು ತುಂಬುತ್ತಿತ್ತು. ಎರಡು ವರ್ಷಕ್ಕೆ ಕಾಂಪೌಂಡ್ ದಾಟಿತು, ಐದು ವರ್ಷಕ್ಕೆ ಮಹಡಿ ಮುಟ್ಟಿತು. ಎಲೆಯೋ ಎಲೆ. ಮೂರನೇ ವರ್ಷ ಹೋಯಿತು, ಐದು, ಏಳು, ಒಂಬತ್ತು. ಒಂದು ಮೊಗ್ಗಿಲ್ಲ.

ಈ ಒಂಬತ್ತು ವರ್ಷ ಸಿಕ್ಕಿದ ಸಲಹೆಗಳನ್ನೆಲ್ಲ ಮಾಡಿದ್ದೇವೆ. ಎದುರು ಮನೆಯವರು ಬುಡಕ್ಕೆ ಎರಡು ತುಕ್ಕು ಮೊಳೆ ಹೊಡೆಯಿರಿ ಅಂದರು. ಅದನ್ನು ಮಾತ್ರ ನಾನು ಒಪ್ಪಲಿಲ್ಲ, ಬೆಳೆಯುವ ಮರದ ತೊಗಟೆಗೆ ಗಾಯ ಮಾಡಿ ಹೂವು ಕೇಳುವುದು ನನಗೆ ಸರಿ ಕಾಣಲಿಲ್ಲ. ಮೂಳೆ ಗೊಬ್ಬರ ಹಾಕಿದೆವು. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದೆವು. ಹುಳಿ ಮಜ್ಜಿಗೆ ಹಾಕಿದೆವು. ಆಮೇಲೆ ಆನ್‌ಲೈನಿನಲ್ಲಿ ಒಂದು ಬಾಟಲಿ ತರಿಸಿದೆ, ಯಾವ ಗಿಡಕ್ಕಾದರೂ ಹದಿನೈದು ದಿನದಲ್ಲಿ ಹೂವು ಬರಿಸುತ್ತದೆ ಅಂತ ಮೇಲೆ ದೊಡ್ಡದಾಗಿ ಅಚ್ಚು ಹಾಕಿತ್ತು. ಅರ್ಧ ಲೀಟರಿಗೆ ಏಳುನೂರು ಚಿಲ್ಲರೆ. ಆ ಬಾಟಲಿಯ ಹೆಸರು ಬರೆಯುವುದಿಲ್ಲ, ಆದರೆ ಅಂಥ ಬಾಟಲಿ ಕೈಗೆ ತಗೊಂಡಾಗ ಏನು ನೋಡಬೇಕು ಅಂತ ಹೇಳುತ್ತೇನೆ. ರಾಸಾಯನಿಕ ಗೊಬ್ಬರದ ಮೇಲೆ ಸಾಮಾನ್ಯವಾಗಿ ಮೂರು ಅಂಕಿ ಇರುತ್ತದೆ. 19-19-19, 0-52-34, 0-0-50, ಹೀಗೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ನನ್ನ ಬಾಟಲಿಯ ಮೇಲೆ ಹೂವಿನ ಫೋಟೋ ಇತ್ತು, ಅಂಕಿ ಇರಲಿಲ್ಲ. ಒಳಗೆ ಏನಿದೆ ಅಂತಲೇ ಗೊತ್ತಿಲ್ಲದೆ ಎರಡು ಬಾಟಲಿ ಖಾಲಿ ಮಾಡಿದೆ. ಎಲೆ ಇನ್ನಷ್ಟು ಕಪ್ಪು ಹಸಿರಾಯಿತು, ಅಷ್ಟೇ.

ಕಪ್ಪು ಹಸಿರಾಗಲು ಇನ್ನೊಂದು ಕಾರಣವೂ ಇತ್ತು, ಅದು ಆಮೇಲೆ ತಿಳಿಯಿತು. ಮರದ ಸುತ್ತ ನಮ್ಮ ಮನೆಯವರು ಹುಲ್ಲುಹಾಸು ಮಾಡಿದ್ದರು, ಅದಕ್ಕೆ ತಿಂಗಳಿಗೊಮ್ಮೆ ಯೂರಿಯಾ ಎರಚುತ್ತಿದ್ದರು. ಯೂರಿಯಾದಲ್ಲಿ ಗಿಡಕ್ಕೆ ಸಿಗುವ ಪೋಷಕಾಂಶ ಸಾರಜನಕ ಒಂದೇ, ನೂರಕ್ಕೆ 46 ಭಾಗ. ಸಾರಜನಕ ಜಾಸ್ತಿ ಆದರೆ ಗಿಡ ಎಲೆ ಮಾಡುತ್ತದೆ, ರೆಂಬೆ ಮಾಡುತ್ತದೆ, ಹೂವಿನ ಗೋಜಿಗೆ ಹೋಗುವುದಿಲ್ಲ. ಹುಲ್ಲಿನ ಕೆಳಗೆ ಹರಡಿದ ಮರದ ಬೇರು ಅದನ್ನೆಲ್ಲ ಹೀರಿಕೊಳ್ಳುತ್ತಿತ್ತು. ನಿಮ್ಮ ಮನೆಯಲ್ಲೂ ಹೂವಿನ ಮರದ ಬುಡದಲ್ಲಿ ಲಾನ್ ಇದ್ದರೆ ಇವತ್ತೇ ಇದನ್ನೊಮ್ಮೆ ಯೋಚಿಸಿ. ನಾವಂತೂ ಮರದಿಂದ ಐದಡಿ ಸುತ್ತ ಹುಲ್ಲು ಕಿತ್ತು ಪಾತಿ ಮಾಡಿಸಿದೆವು.

ಆ ಪಾತಿ ಮಾಡುವಾಗಲೇ ನಿಜವಾದ ವಿಷಯ ಹೊರಬಂದದ್ದು. 2022ರ ಜೂನ್. ನಂಜನಗೂಡು ಕಡೆಯಿಂದ ಬಂದು ನಾಲ್ಕೈದು ಮನೆಗಳ ತೋಟದ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಅವರು ಬುಡ ಬಿಡಿಸುತ್ತಾ ಇದ್ದವರು ಸನಿಕೆ ಕೆಳಗಿಟ್ಟು ನನ್ನನ್ನು ಕೂಗಿದರು. ಮಣ್ಣಿನಿಂದ ಒಂದು ಗೇಣು ಮೇಲೆ ಕಾಂಡ ಮೊಣಕೈ ಥರ ಸ್ವಲ್ಪ ವಾಲಿತ್ತು. ಅದನ್ನು ನಾನು ದಿನಾ ನೋಡಿದ್ದೆ, ಗಿಡ ಬಿಸಿಲಿಗೆ ಬಾಗಿದೆ ಅಂದುಕೊಂಡಿದ್ದೆ. ಆ ಮೊಣಕೈ ಒಳಮಗ್ಗುಲಲ್ಲಿ ತೊಗಟೆ ದಪ್ಪ ತುಟಿಯಂತೆ ಉಬ್ಬಿಕೊಂಡಿತ್ತು. ಅವರು ಕುಡುಗೋಲಿನ ತುದಿಯಿಂದ ಆ ತುಟಿಯನ್ನು ಮೆಲ್ಲಗೆ ಬಿಡಿಸಿದರು. ಒಳಗೆ ಹೆಬ್ಬೆರಳು ಗಾತ್ರದ ಒಣಗಿದ ಮೋಟು. ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ತೊಗಟೆಯೊಳಗೆ ಹೂತುಹೋಗಿ ತುದಿ ಮಾತ್ರ ಹೊರಗಿಣುಕುತ್ತಿತ್ತು. ಎಳೆದರೆ ಬರಲಿಲ್ಲ, ಮರ ಅದನ್ನು ನುಂಗಿಬಿಟ್ಟಿತ್ತು.

"ನೋಡಿ ಅಕ್ಕಾವ್ರೇ, ಕಸಿ ಕಟ್ಟಿದ್ದು ನಿಜವೇ. ಮೇಲಿನ ಕಡ್ಡಿ ಸತ್ತೋಗೈತೆ, ಕೆಳಗಡೆ ಬೀಜದ ಗಿಡ ಚಿಗುರಿ ಮರ ಆಗೈತೆ."

ಅಂದರೆ ನಮ್ಮ ಮನೆ ಮುಂದೆ ಹತ್ತು ವರ್ಷ ಬೆಳೆದದ್ದು ಕಸಿ ಸಂಪಿಗೆಯೇ ಅಲ್ಲ. ಕಸಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಆಗಲೇ ಹೂವು ಬಿಡುತ್ತಿರುವ ದೊಡ್ಡ ಮರದಿಂದ ಒಂದು ಕಡ್ಡಿ ತೆಗೆದು, ಬೀಜದಿಂದ ಬೆಳೆಸಿದ ಸಣ್ಣ ಸಸಿಯ ತಲೆ ಕತ್ತರಿಸಿ ಅದರ ಮೇಲೆ ಕೂರಿಸಿ ಬಿಗಿಯಾಗಿ ಕಟ್ಟುತ್ತಾರೆ. ಬೇರು ಎಳೆಯದು, ಆದರೆ ಮೇಲಿನ ಕಡ್ಡಿಗೆ ಆಗಲೇ ಹೂವು ಬಿಡುವ ವಯಸ್ಸಾಗಿದೆ. ಅದಕ್ಕೇ ಕಸಿ ಗಿಡ ಎರಡು ಮೂರು ವರ್ಷಕ್ಕೆ ಹೂವು ಕೊಡುತ್ತದೆ. ಬೀಜದ ಸಂಪಿಗೆ ಹಾಗಲ್ಲ. ಅದು ಬಾಲ್ಯ ಮುಗಿಸಲು ಏಳೆಂಟು ವರ್ಷ ತಗೊಳ್ಳುತ್ತದೆ, ಎಷ್ಟೋ ಸಲ ಹತ್ತೂ ದಾಟುತ್ತದೆ. ಆ ವಯಸ್ಸು ಆಗುವ ತನಕ ಯಾವ ಗೊಬ್ಬರ ಸುರಿದರೂ ಅದು ಬಿಡುವುದಿಲ್ಲ. ಸಂಪಿಗೆಯದು ದೊಡ್ಡ ಆಯಸ್ಸು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಇದೆಯಲ್ಲ, ನೂರಾರು ವರ್ಷದ ಮರ, ಬುಡದ ಸುತ್ತ ಲಿಂಗಗಳನ್ನು ಇಟ್ಟಿದ್ದಾರೆ. ಒಮ್ಮೆ ಹೋಗಿ ಅದರ ಮುಂದೆ ನಿಂತಿದ್ದೆ. ಅಷ್ಟು ಕಾಲ ಬದುಕುವ ಮರಕ್ಕೆ ಮೊದಲ ಹತ್ತು ವರ್ಷ ಏನೂ ಅಲ್ಲ, ಅಲ್ವಾ. ಆದರೆ ಎಂಬತ್ತು ದಾಟಿದ ಅತ್ತೆಗೆ ಅದು ತುಂಬಾ.

ಆ ನರ್ಸರಿಯವರು ಬೇಕೆಂದು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರು ಕೊಟ್ಟದ್ದು ಕಸಿ ಕಟ್ಟಿದ ಗಿಡವೇ. ಆದರೆ ಬುಡದಿಂದ ಚಿಗುರು ಬಂದರೆ ಮುರಿಯಿರಿ, ಪ್ಲಾಸ್ಟಿಕ್ ಬಿಚ್ಚಿ ಅಂತ ಒಂದು ಮಾತು ಹೇಳಬೇಕಿತ್ತು. ಆ ಒಂದು ಮಾತಿನ ಬೆಲೆ ಹತ್ತು ವರ್ಷ.

ಸರಿ, ಈಗ ಹೊಸ ಗಿಡಕ್ಕೆ ಬರುತ್ತೇನೆ.

2022ರ ಆಗಸ್ಟಿನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದೆವು. ಆ ಸಲದ್ದು ಡಾ. ರಾಜ್‌ಕುಮಾರ್ ಮತ್ತು ಪುನೀತ್ ನೆನಪಿಗೆ ಮಾಡಿದ ಪ್ರದರ್ಶನ, ಗಾಜಿನ ಮನೆಯ ಹತ್ತಿರ ಕಾಲಿಡಲು ಜಾಗ ಇರಲಿಲ್ಲ. ಅತ್ತೆಯನ್ನು ಒಂದು ಬೆಂಚಿನ ಮೇಲೆ ಕೂರಿಸಿ ನಾನು ಗಿಡ ಮಾರುವ ಮಳಿಗೆಗಳ ಕಡೆ ಹೋದೆ. ಒಂದು ಮಳಿಗೆಯಲ್ಲಿ ಇಪ್ಪತ್ತು ಮೂವತ್ತು ಕಸಿ ಸಂಪಿಗೆ ಸಾಲಾಗಿ ಇಟ್ಟಿದ್ದರು. ಎಲ್ಲವೂ ಎರಡಡಿ ಎತ್ತರ, ಎಲ್ಲದಕ್ಕೂ ಒಂದೇ ಬೆಲೆ. ಮೊದಲ ಸಲ ಆಗಿದ್ದರೆ ಎಲೆ ಜಾಸ್ತಿ ಇರುವುದನ್ನು ಎತ್ತಿಕೊಂಡು ಬರುತ್ತಿದ್ದೆ. ಈ ಸಲ ಎಲೆ ನೋಡಲೇ ಇಲ್ಲ. ಕೂತುಕೊಂಡು ಒಂದೊಂದರದ್ದೂ ಬುಡ ನೋಡಿದೆ.

ಕಸಿ ಗಂಟು ಎಲ್ಲಿದೆ ಅಂತ ಕಣ್ಣಿಗೆ ಕಾಣಬೇಕು. ಸಾಮಾನ್ಯವಾಗಿ ಮಣ್ಣಿನಿಂದ ಒಂದು ಗೇಣಿನೊಳಗೆ ಇರುತ್ತದೆ. ಅಲ್ಲಿ ಕಾಂಡದ ಬಣ್ಣ ಬದಲಾಗುತ್ತದೆ, ಕೆಳಗೆ ನುಣುಪು, ಮೇಲೆ ಸ್ವಲ್ಪ ಒರಟು ಮತ್ತು ಬೂದು. ಜೋಡಿಸಿದ ಕಡೆ ವಿ ಆಕಾರದ ಗಾಯದ ಗುರುತು ಇರುತ್ತದೆ. ಬೆರಳಿನಿಂದ ಸವರಿದರೆ ಎರಡೂ ಕಡೆ ಸಮನಾಗಿ ಕೂಡಿರಬೇಕು, ಬಿರುಕು ಸಿಗಬಾರದು. ಇನ್ನೊಂದು, ಎಲೆ ಎಲ್ಲಿಂದ ಬಂದಿದೆ ಅಂತ ನೋಡಬೇಕು. ಗಂಟಿನ ಮೇಲಿಂದ ಬಂದ ಎಲೆ ಮಾತ್ರ ಲೆಕ್ಕ. ಆ ಸಾಲಿನಲ್ಲೇ ಐದಾರು ಗಿಡಗಳಲ್ಲಿ ಮೇಲಿನ ಕಡ್ಡಿ ಬಡವಾಗಿ ನಿಂತಿತ್ತು, ಕೆಳಗಿನಿಂದ ಬಂದ ಚಿಗುರು ಸೊಂಪಾಗಿ ಬೆಳೆದಿತ್ತು. ದೂರದಿಂದ ನೋಡಿದವರಿಗೆ ಅವೇ ಎಲ್ಲಕ್ಕಿಂತ ಚೆಂದದ ಗಿಡಗಳು. ನನ್ನ ಪಕ್ಕದಲ್ಲಿದ್ದ ಒಬ್ಬರು ಅಂಥದ್ದೇ ಒಂದನ್ನು ಕೈಗೆ ತಗೊಂಡಿದ್ದರು, ತಡೆಯಲಾರದೆ ಅವರಿಗೆ ತೋರಿಸಿ ಬೇರೆಯದು ಆರಿಸಿಕೊಟ್ಟೆ. ಮಳಿಗೆಯ ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ, ತಾನೇ ಬಂದು ಆ ಚಿಗುರುಗಳನ್ನು ಚಿವುಟಿ ಹಾಕಿದ. ಇದು ನನಗೆ ಇಷ್ಟವಾಯಿತು.

ಹೆಸರಿನ ಗೊಂದಲದ ಬಗ್ಗೆಯೂ ಹೇಳಿಬಿಡುತ್ತೇನೆ. ಅಂಗಡಿಗೆ ಹೋಗಿ ಬರೀ ಸಂಪಿಗೆ ಅಂದರೆ ಏನು ಬೇಕಾದರೂ ಕೊಡುತ್ತಾರೆ. ನಾಗಸಂಪಿಗೆ ಬೇರೆಯೇ ಮರ, ಬಿಳಿ ಹೂವು, ನಡುವೆ ಹಳದಿ ಕೇಸರ. ದೇವಕಣಗಿಲೆಯನ್ನು ಕೆಲವು ಕಡೆ ಕಾಡುಸಂಪಿಗೆ ಅನ್ನುತ್ತಾರೆ, ಅದರ ರೆಂಬೆ ಮುರಿದರೆ ಹಾಲು ಬರುತ್ತದೆ. ಬಿಳಿ ಸಂಪಿಗೆ ನಮ್ಮ ಸಂಪಿಗೆಯ ನಂಟೇ, ಅದು ಮಿಶ್ರತಳಿ, ಬೀಜ ಕಟ್ಟುವುದು ಅಪರೂಪ, ಹಾಗಾಗಿ ಅದನ್ನು ಕಸಿಯಿಂದ, ಇಲ್ಲವೇ ಗೂಟಿಯಿಂದ (ಮರದಲ್ಲಿರುವ ರೆಂಬೆಗೇ ಬೇರು ಬರಿಸಿ ಕತ್ತರಿಸಿ ನೆಡುವುದು) ಮಾಡುತ್ತಾರೆ. ನಮಗೆ ಬೇಕಾಗಿದ್ದು ಕೆಂಡಸಂಪಿಗೆ, ಮೊಗ್ಗಲ್ಲಿ ಹಸಿರು ಹಳದಿ, ಅರಳಿದ ಮೇಲೆ ಕೆಂಡದ ಬಣ್ಣ.

ಒಂದು ಗಿಡದಲ್ಲಿ ಆಗಲೇ ಮೊಗ್ಗಿತ್ತು, ಅದಕ್ಕೆ ಜನ ಮುಗಿಬೀಳುತ್ತಿದ್ದರು. ನಾನು ಅದನ್ನು ತಗೊಳ್ಳಲಿಲ್ಲ. ಕವರಿನಲ್ಲಿರುವ ಕಸಿ ಗಿಡ ಮೊಗ್ಗು ಬಿಡುವುದು ದೊಡ್ಡ ವಿಷಯ ಅಲ್ಲ, ಕಡ್ಡಿಗೆ ವಯಸ್ಸಾಗಿದೆಯಲ್ಲ, ಅದು ಬಿಡುತ್ತದೆ. ಅದು ಒಳ್ಳೆಯ ಗುರುತು, ಕಡ್ಡಿ ಹೂವಿನ ಮರದ್ದು ಅಂತ ಗೊತ್ತಾಗುತ್ತದೆ. ಆದರೆ ಆ ಗಿಡದ ಕಸಿ ಗಂಟು ಒಂದು ಕಡೆ ಬಾಯಿಬಿಟ್ಟಿತ್ತು. ನನಗೆ ಗಂಟು ಮುಖ್ಯ.

ಕವರು ಬಿಚ್ಚಿದಾಗ ಒಂದು ಬೇಸರ ಆಯಿತು. ಮಣ್ಣು ಇಟ್ಟಿಗೆ ಥರ ಗಟ್ಟಿ, ಕೆಳಗೆ ಬೇರು ಸುರುಳಿ ಸುತ್ತಿಕೊಂಡಿತ್ತು. ಗಿಡ ಆ ಕವರಿನಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ದಿನ ಇತ್ತು ಅಂತ ಅರ್ಥ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಮಣ್ಣು ಸಡಿಲಿಸಿ, ಸುತ್ತಿಕೊಂಡ ಬೇರನ್ನು ಕೈಯಿಂದ ನಿಧಾನವಾಗಿ ಬಿಡಿಸಿ, ತೀರಾ ಗಂಟಾದದ್ದನ್ನು ಕತ್ತರಿಯಿಂದ ತೆಗೆದೆವು. ಹಾಗೇ ನೆಟ್ಟಿದ್ದರೆ ಬೇರು ಒಳಗೇ ಸುತ್ತುತ್ತಾ ಕೊನೆಗೆ ಗಿಡದ ಕತ್ತು ಹಿಸುಕುತ್ತಿತ್ತು.

ನೆಡುವ ಜಾಗಕ್ಕೆ ಜಾಸ್ತಿ ಯೋಚನೆ ಮಾಡಿದೆವು. ಸಂಪಿಗೆಗೆ ಬಿಸಿಲು ಬೇಕು, ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಕಡೆ ಗಿಡ ಬದುಕುತ್ತದೆ, ಹೂವು ಬಿಡುವುದಿಲ್ಲ. ಬುಡದಲ್ಲಿ ನೀರು ನಿಂತರೂ ಅದಕ್ಕೆ ಆಗದು. ಎರಡಡಿ ಗುಂಡಿ ತೆಗೆಸಿ, ತೆಗೆದ ಕೆಮ್ಮಣ್ಣಿಗೆ ಹಳೇ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಬೆರೆಸಿ ತುಂಬಿ, ನೆಲಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿ ನೆಟ್ಟೆವು. ಕಸಿ ಗಂಟು ಮಣ್ಣಿನೊಳಗೆ ಹೋಗಬಾರದು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನೆಟ್ಟು ಎರಡೂವರೆ ತಿಂಗಳಾದ ಮೇಲೆ ಆ ಹಿರಿಯರೇ ಬ್ಲೇಡಿನಿಂದ ಪ್ಲಾಸ್ಟಿಕ್ ಪಟ್ಟಿಯನ್ನು ಉದ್ದಕ್ಕೆ ಸೀಳಿ ತೆಗೆದರು. ಪಟ್ಟಿಯ ಕೆಳಗೆ ತೊಗಟೆ ಬಿಳಿಚಿಕೊಂಡಿತ್ತು, ಕಾಂಡದ ಮೇಲೆ ಉಂಗುರದ ಅಚ್ಚು ಮೂಡಲು ಶುರುವಾಗಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಇದಕ್ಕೂ ಹಳೇ ಗತಿಯೇ. ಅದಾದ ಮೇಲೆ ವಾರಕ್ಕೊಮ್ಮೆ ನಾನು ಬುಡ ನೋಡುವುದು ಅಭ್ಯಾಸ ಮಾಡಿಕೊಂಡೆ. ಮೂರು ವರ್ಷದಲ್ಲಿ ಗಂಟಿನ ಕೆಳಗಿನಿಂದ ಒಂಬತ್ತು ಚಿಗುರು ಚಿವುಟಿದ್ದೇನೆ, ಎಣಿಸಿದ್ದೇನೆ.

ಮೊದಲ ವರ್ಷ ಎರಡು ಮೊಗ್ಗು ಬಂದವು, ಮನಸ್ಸಿಲ್ಲದ ಮನಸ್ಸಿನಿಂದ ಕಿತ್ತೆ. ಬೇರು ಊರುವ ಹೊತ್ತಿನಲ್ಲಿ ಹೂವು ಬೇಡ ಅಂತ. ಅತ್ತೆ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

2023ರ ಬೇಸಿಗೆಯಲ್ಲಿ ಹೊಸ ಎಲೆಗಳು ಹಳದಿಯಾದವು. ಎಲೆಯ ನರ ಮಾತ್ರ ಹಸಿರು, ಉಳಿದದ್ದು ನಿಂಬೆ ಬಣ್ಣ. ಗೊಬ್ಬರ ಸಾಲದು ಅಂತ ಮತ್ತೆ ಹಾಕಲು ಹೋಗಬೇಡಿ. ಇದು ಬೋರ್‌ವೆಲ್ಲಿನ ಗಡಸು ನೀರಿನಿಂದ ಆಗುವುದು. ಸಂಪಿಗೆಗೆ ಸ್ವಲ್ಪ ಹುಳಿ ಮಣ್ಣು ಇಷ್ಟ. ಗಡಸು ನೀರು ಹಾಕುತ್ತಾ ಹೋದರೆ ಮಣ್ಣು ಕ್ಷಾರವಾಗುತ್ತದೆ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಗೊಬ್ಬರದ ಅಂಗಡಿಯಲ್ಲಿ ಕಿಲೇಟೆಡ್ ಐರನ್ ಅಂತ, ಗಿಡ ಸುಲಭವಾಗಿ ಹೀರಿಕೊಳ್ಳುವ ಹಾಗೆ ಮಾಡಿದ ಕಬ್ಬಿಣದ ಸಣ್ಣ ಪೊಟ್ಟಣ ಸಿಗುತ್ತದೆ. ಪೊಟ್ಟಣದ ಮೇಲಿನ ಅಳತೆಯಲ್ಲೇ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಬುಡಕ್ಕೆ ಒಣ ಎಲೆ ಹೊದಿಸಿ, ಮಹಡಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು ಆದಷ್ಟು ಅದನ್ನೇ ಹಾಕಿದೆ. ಆಮೇಲೆ ಬಂದ ಎಲೆಗಳು ಹಸಿರಾಗಿಯೇ ಬಂದವು. ಹೂವಿಲ್ಲ ಅಂತ ಗೋಳಾಡುವ ಎಷ್ಟೋ ಗಿಡಗಳಲ್ಲಿ ಇದೇ ತೊಂದರೆ ಇರುತ್ತದೆ ಅಂತ ನನಗೆ ಈಗ ಅನ್ನಿಸುತ್ತದೆ.

ಅದೇ ವರ್ಷ ಎಲೆ ತಿನ್ನುವ ಹಸಿರು ಹುಳುಗಳು ಕಂಡವು, ಮುಂಭಾಗ ದಪ್ಪ, ಹಿಂದೆ ಸಣ್ಣ. ಔಷಧಿ ಹೊಡೆಯೋಣ ಅಂದರು ಮನೆಯವರು. ನಾನು ಬೇಡ ಅಂದೆ. ಅವು ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆ ಇರುವ ಚಿಟ್ಟೆಯ ಮರಿಗಳು, ಸಂಪಿಗೆ, ಸೀತಾಫಲದ ಎಲೆಗಳೇ ಅವುಗಳ ಊಟ. ಹತ್ತು ಎಲೆ ತಿಂದವು. ಗಿಡಕ್ಕೆ ಏನೂ ಆಗಲಿಲ್ಲ.

ಗೊಬ್ಬರ ಅಂತ ಹಾಕಿದ್ದು ಇಷ್ಟೇ. ವರ್ಷಕ್ಕೆ ಎರಡು ಸಲ ಕೊಟ್ಟಿಗೆ ಗೊಬ್ಬರ. 0-0-50 ಅನ್ನುವ ಪುಡಿ, ಸಲ್ಫೇಟ್ ಆಫ್ ಪೊಟ್ಯಾಷ್, ಫೆಬ್ರವರಿಯಲ್ಲಿ ಎರಡು ಟೀ ಚಮಚ, ಮೇ ತಿಂಗಳಲ್ಲಿ ಎರಡು, ಬುಡದಿಂದ ಒಂದಡಿ ದೂರ ಸುತ್ತ ಹಾಕಿ ಮಣ್ಣು ಮುಚ್ಚಿದೆ. ಪುಡಿಯಿಂದಲೇ ಹೂವು ಬಂತು ಅಂತ ನಾನು ಹೇಳುವುದಿಲ್ಲ. ಕಸಿ ಸರಿ ಇದ್ದು ಬಿಸಿಲು ಇದ್ದರೆ ಇದು ಸಹಾಯ ಮಾಡುತ್ತದೆ, ಅಷ್ಟೇ. ಇನ್ನೊಂದು ವಿಷಯ ಕತ್ತರಿ. ಸಂಪಿಗೆ ಹೂವು ಬರುವುದು ರೆಂಬೆಯ ಎಲೆ ಕಂಕುಳಲ್ಲಿ. ಚೆಂದ ಕಾಣಲಿ ಅಂತ ಮಳೆಗಾಲದ ಮುಂಚೆ ತುದಿಗಳನ್ನೆಲ್ಲ ಗುಂಡಗೆ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಕತ್ತರಿಸಲೇಬೇಕಾದರೆ ಹೂವಿನ ಕಾಲ ಮುಗಿದ ಮೇಲೆ.

2024ರ ಜೂನ್ ಎರಡನೇ ವಾರ. ಬುಡದ ಚಿಗುರು ನೋಡಲು ಬಗ್ಗಿದವಳು ತಲೆ ಎತ್ತುವಾಗ ಕಂಡಿತು. ಎಲೆ ತೊಟ್ಟಿನ ಪಕ್ಕ ಕಾಳಿನಷ್ಟು ಏನೋ, ಮೇಲೆ ಕಂದು ಬಣ್ಣದ ನುಣುಪು ರೋಮ. ಹೊಸ ಎಲೆಯ ಮೊಗ್ಗಿರಬಹುದು ಅಂದುಕೊಂಡೆ. ಎಲೆಯ ಮೊಗ್ಗು ಚೂಪು, ಇದು ಗುಂಡಗೆ. ವಾರದಲ್ಲಿ ಅದು ಉದ್ದವಾಯಿತು, ಆ ರೋಮದ ಟೊಪ್ಪಿಗೆ ಒಂದು ಕಡೆ ಸೀಳಿ ಕಳಚಿ ಬಿತ್ತು, ಒಳಗಿಂದ ಹಸಿರು ಹಳದಿ ಮೊಗ್ಗು. ಚೆಂದದ ಮೂಗನ್ನು ಸಂಪಿಗೆಗೆ ಹೋಲಿಸುತ್ತಾರಲ್ಲ, ಯಾಕೆ ಅಂತ ಆ ಮೊಗ್ಗು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಅರಳಿದ ದಿನ ನಾನು ಹೂವನ್ನು ನೋಡುವ ಮೊದಲೇ ವಾಸನೆ ಬಂತು. ಸಂಜೆ ಏಳು ಗಂಟೆ, ಕರೆಂಟ್ ಹೋಗಿತ್ತು, ಒಳಗೆ ಕೂತಿದ್ದ ಅತ್ತೆ "ಬಂತು ಕಣೇ" ಅಂದರು. ನಾನು ಕರೆಂಟ್ ಬಂತು ಅಂದುಕೊಂಡೆ. ಅವರು ಎದ್ದು ಗೋಡೆ ಹಿಡಿದುಕೊಂಡು ಬಾಗಿಲ ಹತ್ತಿರ ಹೋಗಿ ನಿಂತಿದ್ದರು.

ಆ ವರ್ಷ ಒಟ್ಟು ಹದಿನಾಲ್ಕು ಹೂವು. ಈ ವರ್ಷ ಎಣಿಸುವುದನ್ನು ಬಿಟ್ಟೆ, ಜುಲೈನಲ್ಲಿ ಒಂದೇ ದಿನ ಹನ್ನೊಂದು ಬಿಟ್ಟಿದ್ದವು. ಮುಂಗಾರಿನಲ್ಲಿ ಜೋರು, ಆಮೇಲೆ ಆಗಾಗ ಒಂದೆರಡು. ಗಿಡ ಏಳಡಿ ಇದೆ, ರೆಂಬೆಗಳು ಎದೆ ಎತ್ತರದಿಂದಲೇ ಹರಡಿವೆ. ಕಸಿಯ ದೊಡ್ಡ ಲಾಭ ನನಗೆ ಕಂಡದ್ದು ಇದು. ಬೇಗ ಹೂವು ಬಿಡುವುದಷ್ಟೇ ಅಲ್ಲ, ಕೈಗೆ ಸಿಗುವ ಎತ್ತರದಲ್ಲಿ ಬಿಡುತ್ತದೆ. ಅತ್ತೆ ದೋಟಿ ಇಲ್ಲದೆ, ಯಾರನ್ನೂ ಕೂಗದೆ, ತಾವೇ ಕಿತ್ತು ದೇವರಿಗೆ ಒಂದು, ತಲೆಗೆ ಒಂದು ಇಟ್ಟುಕೊಳ್ಳುತ್ತಾರೆ. ಸಂಜೆ ಕಿತ್ತ ಹೂವು ಮಾರನೇ ದಿನ ಮಧ್ಯಾಹ್ನಕ್ಕೆ ಕಂದು ತಿರುಗುತ್ತದೆ. ಹಾಗಾಗಿ ಅರಳುವುದಕ್ಕೆ ಸ್ವಲ್ಪ ಮುಂಚೆ ಕಿತ್ತರೆ ಒಳ್ಳೆಯದು.

ಇದು ಎಲ್ಲರಿಗೂ ಹೊಂದುತ್ತದೆ ಅಂತ ಹೇಳಲಾರೆ. ಮರದ ನೆರಳು ಬೇಕು, ಮಕ್ಕಳು ಹತ್ತಬೇಕು, ಮೊಮ್ಮಕ್ಕಳ ಕಾಲಕ್ಕೂ ಇರಬೇಕು ಅನ್ನುವವರು ಬೀಜದ ಗಿಡವನ್ನೇ ಹಾಕಿ, ಹತ್ತು ವರ್ಷ ಕಾಯಲು ಜಾಗ ಇದ್ದರೆ ಅದರಂಥ ಮರ ಇಲ್ಲ. ಬೀಜ ಹಾಕುವುದಾದರೆ ಕೆಂಪು ತಿರುಳು ತೊಳೆದು ತಾಜಾ ಇರುವಾಗಲೇ ಹಾಕಿ, ಒಣಗಿಸಿಟ್ಟ ಬೀಜ ಹುಟ್ಟುವುದು ಕಷ್ಟ. ಸಣ್ಣ ಸೈಟಿನವರಿಗೆ, ಮನೆಯಲ್ಲಿ ವಯಸ್ಸಾದವರು ಇರುವವರಿಗೆ ಕಸಿಯೇ ಸರಿ. ಹೂವಿನ ಆಸೆಗೆ ಗಿಡ ತಗೊಳ್ಳುವಾಗ ನೂರು ರೂಪಾಯಿ ಉಳಿಸಲು ಹೋಗಬೇಡಿ. ಬಾಟಲಿಗೆ ಕೊಡುವ ದುಡ್ಡನ್ನು ಗಿಡಕ್ಕೆ ಕೊಡಿ, ಕೂತು ಬುಡ ನೋಡಿ ತಗೊಳ್ಳಿ. ಐದಕ್ಕೆ ನಾಲ್ಕು.

ಹಳೇ ಮರ ಏನಾಯಿತು ಅಂತ ಕೇಳುವವರಿಗೆ. ಅದನ್ನು ಕಡಿಸಲಿಲ್ಲ. ಮನೆಯವರು ಒಂದೆರಡು ಸಲ ಅಂದರು, ಅತ್ತೆಯೇ ಬಿಡಲಿಲ್ಲ. ಯೂರಿಯಾ ನಿಲ್ಲಿಸಿದ್ದು ಬಿಟ್ಟರೆ ಅದಕ್ಕೆ ನಾವು ಏನೂ ಮಾಡಲಿಲ್ಲ. ಈ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಕಾರಿನ ಬಾನೆಟ್ ಮೇಲೆ ಮೂರು ಸಣ್ಣ ಎಸಳು ಬಿದ್ದಿದ್ದವು, ಕೆಂಡದ ಬಣ್ಣ. ಕಸಿ ಗಿಡ ಇರುವುದು ಇನ್ನೊಂದು ಮೂಲೆಯಲ್ಲಿ, ಅಲ್ಲಿಂದ ಹಾರಿ ಬರುವಷ್ಟು ಗಾಳಿ ಇರಲಿಲ್ಲ. ಮಹಡಿ ಹತ್ತಿ ನೋಡಿದೆ. ಎಲ್ಲಕ್ಕಿಂತ ಮೇಲಿನ ರೆಂಬೆಯಲ್ಲಿ, ದೋಟಿಗೂ ಸಿಗದ ಕಡೆ, ನಾಲ್ಕು ಹೂವು ಇದ್ದವು.